ಗುರುವಾರದ ಗುಳಿಗೆ

ಹುಮನಾಬಾದಿನಲ್ಲಿ ಪಾರ್ವತಿಬಾಯಿ ಹಾಡದ ಮದುವೆ ಉಪ್ಪಿಲ್ಲದ ಊಟ. ಬೀಗರನ್ನು ಹಾಡಿನಲ್ಲೇ ಹುರಿದು ಮುಕ್ಕುವಾಕೆ ಅವಳು. ಬೈಸಿಕೊಂಡವರೇ ನಗುತ್ತ ಕುಪ್ಪಸದ ಕಣ ಕೊಟ್ಟು ಹೋಗುತ್ತಿದ್ದರು.

ಅಂಗಳದಲ್ಲಿ ಜಾರಿ ಮಣಿಕಟ್ಟು ಮುರಿದಾಗ, ಎಲುಬು ಟೊಳ್ಳಾಗಿದೆ ಎಂದು ಗುಲ್ಬರ್ಗದ ಡಾಕ್ಟರು ವಾರಕ್ಕೊಂದು ಗುಳಿಗೆ ಬರೆದುಕೊಟ್ಟಿದ್ದರು. ಬರಿಹೊಟ್ಟೆಯಲ್ಲಿ ನುಂಗಬೇಕು, ಅರ್ಧ ತಾಸು ಏನೂ ತಿನ್ನಬಾರದು, ಮಲಗಬಾರದು. ಇಷ್ಟು ಮಡಿಯಿರುವ ವಸ್ತುವಿಗೆ ಗುರುವಾರವೇ ಸರಿ ಎಂದುಕೊಂಡಳು ಪಾರ್ವತಿಬಾಯಿ. ಅಂದು ಹೇಗೂ ಉಪವಾಸ. ಗುಳಿಗೆ ನುಂಗಿ, ಮಾಣಿಕನಗರದ ಮಠಕ್ಕೆ ನಡೆದು, ಕೈಮುಗಿಯುವಷ್ಟರಲ್ಲಿ ಅರ್ಧ ತಾಸು ಸರಿದಿರುತ್ತಿತ್ತು. ವರ್ಷಗಳು ಕಳೆದಂತೆ ಗುಳಿಗೆಯೂ ವ್ರತದೊಳಗೆ ಸೇರಿಹೋಯಿತು.

2007ರಲ್ಲಿ ತಂಗಿಯ ಮಗಳು ರೂಪಾಲಿಯ ಲಗ್ನ ಗೊತ್ತಾಯಿತು; ಅದೇ ತಿಂಗಳು ದವಡೆ ಹಲ್ಲು ನೋಯತೊಡಗಿತು. ಯಾವುದಾದರೂ ಔಷಧ ನಡೆದಿದೆಯೇ ಎಂದು ಹಲ್ಲಿನ ಡಾಕ್ಟರು ಅನುರಾಧಾ ಕೇಳಿದರೆ, ಏನೂ ಇಲ್ಲ ಎಂದುಬಿಟ್ಟಳು. ಹಲ್ಲು ಕಿತ್ತಾಯಿತು, ಗಾಯ ಮಾಯಲಿಲ್ಲ. ವಾರಗಳಾದ ಮೇಲೆ ಕುಳಿಯಲ್ಲಿ ಬಿಳಿ ಎಲುಬು ಇಣುಕಿತು. ಲಗ್ನದಲ್ಲಿ ಬಸವಕಲ್ಯಾಣದ ಬೀಗರ ಮುಂದೆ ಮೂಕಿಯಂತೆ ಕೂರುವುದನ್ನು ನೆನೆದರೇ ಆಕೆಗೆ ಜೀವ ಹೋದಂತಾಗುತ್ತಿತ್ತು.

ಒಂದು ಗುರುವಾರ ಮುಂಜಾನೆ ಡಾಕ್ಟರು ಕುರ್ಚಿಯಲ್ಲಿ ಒರಗಲು ಹೇಳಿದರು. ಪಾರ್ವತಿಬಾಯಿ ಕಂಬದಂತೆ ನಿಂತಳು.

"ಒರಗೂದಿಲ್ರಿ, ಡಾಕ್ಟರಬಾಯಿ. ಗುಳಗಿ ನುಂಗೀನ್ರಿ, ಇನ್ನಾ ಅರ್ಧಾ ತಾಸು ಆಗಿಲ್ಲ."

"ಯಾವ ಗುಳಗಿ, ಮೌಶಿ? ಔಷಧ ಇಲ್ಲ ಅಂದಿದ್ರಲ್ಲ."

"ಉಪವಾಸಕ್ಕ ಯಾರರ ಔಷಧ ಅಂತಾರೇನ್ರಿ?"

ಸೊಂಟದ ಚಂಚಿಯಿಂದ ಮಠದ ಅಂಗಾರದ ಪೊಟ್ಟಣದ ಜೊತೆ ಗುಳಿಗೆಯ ಪಟ್ಟಿಯೂ ಹೊರಬಂತು. ಗುಳಿಗೆಯ ಹೆಸರು ಓದಿ ಅನುರಾಧಾ ಹಣೆ ಹಿಡಿದುಕೊಂಡರು, ಆಮೇಲೆ ನಗು ತಡೆಯಲಾಗಲಿಲ್ಲ. ಎಲುಬು ಗಟ್ಟಿ ಮಾಡುವ ಈ ಗುಳಿಗೆಯಿಂದ ಎಲ್ಲೋ ಕೆಲವರಿಗೆ ಹಲ್ಲು ಕಿತ್ತ ಕಡೆ ದವಡೆಯ ಎಲುಬೇ ಸತ್ತುಹೋಗುತ್ತದೆ ಎಂದು ತಿಳಿಹೇಳಿದರು. ಗುಲ್ಬರ್ಗದ ಡಾಕ್ಟರಿಗೆ ಫೋನು ಮಾಡಿ ಗುಳಿಗೆ ನಿಲ್ಲಿಸಿದರು. ಬಾಯಿ ಮುಕ್ಕಳಿಸುವ ಔಷಧ ಕೊಟ್ಟರು. ಲಗ್ನಕ್ಕೆ ಮುಂಚೆ ಜೋಳದ ಕಾಳಿನಷ್ಟು ಎಲುಬಿನ ಚೂರು ಸಡಿಲಗೊಂಡು ಚಿಮುಟದಲ್ಲಿ ಬಂತು. ನೋವು ಇಳಿಯಿತು, ಪೂರಾ ಹೋಗಲಿಲ್ಲ.

ಲಗ್ನದ ಪಂಕ್ತಿಯಲ್ಲಿ ವರನ ತಾಯಿ ಕೆಣಕಿದಳು: "ಏನವ್ವ, ನಿಮ್ಮೂರ ಕೋಗಿಲಿ ಗಲ್ಲ ಬಾತು ಕುಂತದಲ್ಲ?"

ಪಾರ್ವತಿಬಾಯಿ ಗಲ್ಲಕ್ಕೆ ಅಂಗೈ ಆನಿಸಿ ಎತ್ತಿಕೊಂಡಳು:

"ಕಲ್ಯಾಣದ ಬೀಗತಿಗಿ ಕಲ್ಲ ಕಡಿಯೂ ಹಲ್ಲ,
ಹೋಳಿಗಿ ಬುಟ್ಟಿ ಬರಿದಾತ — ಇಂಥಾಕೀಗಿ
ಅರ್ಧ ಬಾಯಿ ಸಾಕ ಬೈಲಾಕ."

ಪಂಕ್ತಿಯೆಲ್ಲ ಹೊಟ್ಟೆ ಹಿಡಿದುಕೊಂಡಿತು. ನಕ್ಕು ನಕ್ಕು ಬೀಗತಿಗೆ ಬಿಕ್ಕಳಿಕೆ ಹತ್ತಿತು. ಪಾರ್ವತಿಬಾಯಿಯ ದವಡೆ ಧಗಧಗ ಎನ್ನುತ್ತಿತ್ತು. ಬೀಗತಿಗೆ ನೀರು ಕೊಡಿ ಎಂದು ಕೈಸನ್ನೆ ಮಾಡಿ, ಅವಳು ಎರಡನೆಯ ಹಾಡಿಗೆ ಗಂಟಲು ಸರಿಮಾಡಿಕೊಂಡಳು.