ಮಾಮ ಸಾಯದ ವರ್ಷ

ಕೋಟೆ ಗೆಲ್ಲಲು ಬಂದ ಸೇನಾಪತಿ, ಕೋಟೆಯ ಧಣಿಯ ಕಾಲಿಗೆ ದೊಪ್ಪನೆ ಬಿದ್ದ ಯುದ್ಧವನ್ನು ನೀವು ಯಾವ ಚರಿತ್ರೆಯಲ್ಲೂ ಓದಿರಲಾರಿರಿ. ಆ ಸೇನಾಪತಿ ನಾನೇ. ಎಡವಿ ಬಿದ್ದದ್ದಲ್ಲ, ಕೈಮುಗಿದು, ಉದ್ದಕ್ಕೆ, ಸಾಷ್ಟಾಂಗವಾಗಿ ಬಿದ್ದೆ. ನನ್ನ ಹಣೆ ಕಲ್ಲಿಗೆ ಬಡಿದ ಸದ್ದು ನಮ್ಮ ಫಿರಂಗಿಗಿಂತ ಜೋರಾಗಿತ್ತು ಎಂದು ನೋಡಿದವರು ಇವತ್ತಿಗೂ ಹೇಳುತ್ತಾರೆ. ನಮ್ಮ ಫಿರಂಗಿ ಎಂದರೆ ಕಪ್ಪು ಬಳಿದ ಟೊಳ್ಳು ತಾಳೆಮರದ ತುಂಡು, ಅದರೊಳಗೊಂದು ತೇವ ಹಿಡಿದ ಪಟಾಕಿ. ಹಾಗಾಗಿ ಅದೇನೂ ದೊಡ್ಡ ಹೊಗಳಿಕೆಯಲ್ಲ.

ನಮ್ಮೂರು ಸಿರುಮುಗೈಯಿಂದ ಹೊಳೆಯ ಜಾಡು ಹಿಡಿದು ಕೆಳಗೆ ಹೋದರೆ ಒಂದು ಹಳೆಯ ಕೋಟೆ ಇತ್ತು. ಈಗ ಅದು ಅಣೆಕಟ್ಟಿನ ನೀರಿನೊಳಗಿದೆ. ಆಗ ಪ್ರತಿ ವರ್ಷ ಪೊಂಗಲ್ ಕಳೆದ ಮೇಲೆ ನಮ್ಮ ನೇಕಾರರ ಬೀದಿಯವರೆಲ್ಲ ಗಾಡಿ ಕಟ್ಟಿಕೊಂಡು ಅಲ್ಲಿಗೆ ಹೋಗಿ, ಹಿಂದೊಂದು ಕಾಲದಲ್ಲಿ ಅಲ್ಲಿ ನಡೆಯಿತೆಂದು ಅಜ್ಜಂದಿರು ಹೇಳಿದ ಯುದ್ಧವನ್ನು ಮತ್ತೆ ನಡೆಸುತ್ತಿದ್ದರು. ವೇದಿಕೆ ಇಲ್ಲ, ಪರದೆ ಇಲ್ಲ. ಅದೇ ಗೋಡೆ, ಅದೇ ಬಾಗಿಲ ಕಲ್ಲು. ಹೊರಗಿನ ಸೈನ್ಯ ಬರುತ್ತದೆ, ಬೀಗದ ಕೈ ಕೇಳುತ್ತದೆ, ಕೋಟೆಯ ಧಣಿ ಕೊಡುವುದಿಲ್ಲ, ಹೊಸ್ತಿಲ ಮೇಲೆಯೇ ಸಾಯುತ್ತಾನೆ. ಇಷ್ಟೇ ಕಥೆ.

ಧಣಿಯಾಗುತ್ತಿದ್ದವರು ನನ್ನ ತಾಯಿಯ ಅಣ್ಣ, ನನ್ನ ಮಾಮ. ವರ್ಷವಿಡೀ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು ಬೆನ್ನು ಬಾಗಿದ ಮನುಷ್ಯ. ಆದರೆ ಆ ಕಲ್ಲಿನ ಚೌಕಟ್ಟಿನ ಕೆಳಗೆ ನಿಂತರೆ ಒಂದು ಮೊಳ ಎತ್ತರವಾಗುತ್ತಿದ್ದರು. ಇದರಲ್ಲಿ ನನ್ನ ಉತ್ಪ್ರೇಕ್ಷೆ ಅರ್ಧ ಮೊಳ ಮಾತ್ರ. ಅಂದು ಕೋಟೆಯೊಳಗೆ ಕನ್ನಡಕ, ಕೈಗಡಿಯಾರ, ಕೊಡೆ ಯಾವುದೂ ಬರಕೂಡದು. ಒಮ್ಮೆ ನಾನು ಗೋಡೆಯ ಮರೆಯಲ್ಲಿ ಟೀ ಕುಡಿಯುತ್ತ ಸಿಕ್ಕಿಬಿದ್ದೆ.

"ಏನ್ಡಾ ಅದು?"

"ಟೀ, ಮಾಮ."

"ಆ ಕಾಲದಲ್ಲಿ ಟೀ ಇತ್ತಾ?"

"ಇರ್ಲಿಲ್ಲ, ಮಾಮ. ಅದಕ್ಕೇ ಪಾವಂ, ಕೋಟೆ ಬಿದ್ದೋಯ್ತು."

ಆ ಲೋಟ ಎಲ್ಲಿಗೆ ಹಾರಿತೋ ಗೊತ್ತಿಲ್ಲ. ಈಗ ಮೀನುಗಳು ಅದನ್ನು ಬಳಸುತ್ತಿರಬಹುದು.

ಇಷ್ಟು ಕಟ್ಟುನಿಟ್ಟಿನ ಮನುಷ್ಯನಿಗೆ ಒಂದೇ ಒಂದು ಕೊರಗು. ಅಷ್ಟು ವರ್ಷ ಸತ್ತರೂ ಒಮ್ಮೆಯೂ ಸರಿಯಾಗಿ ಸತ್ತಿರಲಿಲ್ಲ. ಒಂದು ವರ್ಷ ಕೊನೆಯುಸಿರು ಬಿಡುವಾಗ ಆಡೊಂದು ಬಂದು ಅವರ ಪೇಟ ಮೇಯತೊಡಗಿತು. ಇನ್ನೊಂದು ವರ್ಷ ಪಟಾಕಿಯ ಕಿಡಿ ಮೀಸೆಗೆ ಬಿದ್ದು, ಸತ್ತವರು ಎದ್ದು ಹೊಳೆಗೆ ಓಡಿದರು. ನಮ್ಮ ಮೀಸೆಗಳೆಲ್ಲ ಕಪ್ಪು ರೇಷ್ಮೆ ನೂಲಿನ ಚೂರು. ನೂಲಿಗೆ ಹಾಕುವ ಗಂಜಿಯಲ್ಲೇ ಅಂಟಿಸಿದವು. ಬೆಂಕಿಗೂ ಅವಕ್ಕೂ ಬಹಳ ಪ್ರೀತಿ.

ಆ ವರ್ಷ ಅಣೆಕಟ್ಟಿನ ಕೆಲಸ ಮುಗಿಯುತ್ತ ಬಂದಿತ್ತು. ಮುಂದಿನ ಪೊಂಗಲ್‌ಗೆ ಕೋಟೆ ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮಾಮ ಬೀದಿಯವರನ್ನೆಲ್ಲ ಕೂರಿಸಿಕೊಂಡು ಹೇಳಿದರು:

"ಇದೇ ಕಡೇದು. ನೀರು ಬರೋಕ್ ಮುಂಚೆ ನಾನು ಒಂದ್ಸಲ ಶರಿಯಾಗಿ ಸಾಯ್ಬೇಕು. ಯಾವನಾದ್ರೂ ಕೆಡಿಸಿದ್ರೆ ನಿಜವಾಗಿ ಸತ್ತಾಗ ದೆವ್ವವಾಗಿ ಬತ್ತೀನಿ."

ಇಂಥ ವರ್ಷದಲ್ಲೇ ಸೇನಾಪತಿಯ ವೇಷದವನಿಗೆ ಮೈತುಂಬ ಅಮ್ಮನ ಗುಳ್ಳೆ ಎದ್ದವು. ಅವನಷ್ಟು ಎತ್ತರದವನು ಬೀದಿಯಲ್ಲಿ ನಾನೊಬ್ಬನೇ. ಸಿಂಗಾನಲ್ಲೂರಿನ ಮಿಲ್ಲಿನಿಂದ ರಜೆ ಹಾಕಿ ಬಂದಿದ್ದ ನಾನು ಅದುವರೆಗೆ ಆ ಯುದ್ಧದಲ್ಲಿ ಕುದುರೆಯ ಹಿಂಭಾಗವಾಗಿದ್ದೆ. ಅಲ್ಲಿಂದ ನೇರ ಸೇನಾಪತಿ. ಇಂಥ ಬಡ್ತಿ ನಮ್ಮ ಮಿಲ್ಲಿನಲ್ಲಿ ಯಾರಿಗೂ ಸಿಕ್ಕಿಲ್ಲ.

"ನೀನು ಮಾಡ್ಬೇಕಾದ್ದು ಮೂರೇ," ಎಂದು ಮಾಮ ಅಭ್ಯಾಸ ಮಾಡಿಸಿದರು. "ಬೀಗದ ಕೈ ಕೇಳು. ಕತ್ತಿ ಎತ್ತು. ಹೊಡಿ. ಮಿಕ್ಕಿದ್ದನ್ನ ನಾನು ನೋಡ್ಕೊತೀನಿ."

"ಹೆಂಗೆ ಹೊಡೀಲಿ, ಮಾಮ?"

"ನನ್ ಮಗಳನ್ನ ಸೇಲಂಗೆ ಕೊಟ್ಟಾಗ ನಿಂಗೆ ಎಷ್ಟು ಕೋಪ ಬಂತೋ ಅಷ್ಟು ಕೋಪದಲ್ಲಿ ಹೊಡಿ."

ಆ ಕೋಪ ನನಗೆ ಬಂದಿರಲಿಲ್ಲ. ಬಂದಿತ್ತೆಂದು ಇಡೀ ಬೀದಿ ನಂಬಿತ್ತು. ಸೋದರಮಾವನ ಮಗಳು ಕೈತಪ್ಪಿದರೆ ಅಳಿಯ ಕೋಪಿಸಿಕೊಳ್ಳಲೇಬೇಕು ಎಂಬುದು ನಮ್ಮಲ್ಲಿ ಒಂದು ಮರ್ಯಾದೆ. ಹಾಗಾಗಿ ನಾನೂ ಒಂದು ವಾರ ಗಡ್ಡ ಬಿಟ್ಟಿದ್ದೆ.

ಮರದ ಕತ್ತಿಯನ್ನು ಮಾಮನೇ ಕೆತ್ತಿದರು, ತಗಡು ಹೊದಿಸಿದರು, ಕೈ ಜಾರದಂತೆ ಹಿಡಿಗೆ ಕೆಂಪು ಬಟ್ಟೆ ಸುತ್ತಿದರು. ಆ ಕೆಂಪು ಬಟ್ಟೆಯೇ ನನಗೆ ಮುಳುವಾಯಿತು. ನಮ್ಮ ಚೌಡಮ್ಮನ ಹಬ್ಬದಲ್ಲಿ ಹುಡುಗರು ಅಲಗು ಹಿಡಿದು, ಎದೆಗೆ ಮುಟ್ಟಿಸಿಕೊಳ್ಳುತ್ತ ಅಮ್ಮನನ್ನು ಕರೆದುಕೊಂಡು ಬರುತ್ತಾರೆ. ಆ ಅಲಗಿನ ಹಿಡಿಗೂ ಇಂಥದೇ ಕೆಂಪು ಬಟ್ಟೆ. ಅದನ್ನು ಎತ್ತುವ ಮುಂಚೆ ಹಿರಿಯರ ಕಾಲಿಗೆ ಬಿದ್ದು ಅಪ್ಪಣೆ ಪಡೆಯಬೇಕು. ನಮ್ಮ ಬೀದಿಯಲ್ಲಿ ಅಪ್ಪಣೆ ಕೊಡುವ ಹಿರಿಯರು ಯಾರು? ಇದೇ ಮಾಮ. ಮೀಸೆ ಮೊಳೆತಾಗಿನಿಂದ ನಾನು ಪ್ರತಿ ಹಬ್ಬದಲ್ಲೂ ಬಿದ್ದದ್ದು ಇದೇ ಕಾಲುಗಳಿಗೆ.

ಅತ್ತೆ ಎಂದರೆ ಮಾಮನ ಹೆಂಡತಿ. ಅವರು ಅದುವರೆಗೆ ಒಮ್ಮೆಯೂ ಈ ಯುದ್ಧ ನೋಡಲು ಬಂದವರಲ್ಲ. ಕರೆದವರಿಗೆಲ್ಲ ಒಂದೇ ಉತ್ತರ: "ಕುತ್ತಿಗೇಲಿ ತಾಳಿ ಇಟ್ಕೊಂಡು, ಗಂಡ ಸಾಯೋದನ್ನ ನೋಡಿ ಕೈ ತಟ್ಲಾ?" ಆ ವರ್ಷ ಮಾತ್ರ ಬಂದರು. "ಕೋಟೆ ನೋಡೋಕ್ ಬಂದಿದೀನಿ. ಅವರು ಸಾಯೋ ಹೊತ್ತಿಗೆ ಅತ್ಲಾಗೆ ತಿರುಗ್ಕೊತೀನಿ," ಎಂದು ಗೋಡೆಯ ಮೇಲೆ ಹೆಂಗಸರ ಸಾಲಿನ ತುದಿಯಲ್ಲಿ ಕೂತರು.

ಯುದ್ಧ ಶುರುವಾಯಿತು. ಫಿರಂಗಿ ಸೀನಿತು. ಸಾಂಬ್ರಾಣಿ ಹೊಗೆ ಎದ್ದಿತು. ಗೋಣಿಚೀಲದ ಕವಚ ತೊಟ್ಟ ನನ್ನ ಸೈನ್ಯ ಮೈ ಕೆರೆದುಕೊಳ್ಳುತ್ತ ನುಗ್ಗಿತು. ನಾನು ಬಾಗಿಲ ಮುಂದೆ ಬಂದು ನಿಂತೆ. ಎದುರಿಗೆ ಮಾಮ. ಅಷ್ಟು ಹೊತ್ತಿಗೆ ಅದು ಮಾಮನ ಮುಖವೇ ಆಗಿರಲಿಲ್ಲ. ಎಲ್ಲ ಮುಗಿಯಿತೆಂದು ಗೊತ್ತಿದ್ದೂ ಅಲುಗದೆ ನಿಂತ ಯಾರದೋ ಮುಖ.

"ಬೀಗದ ಕೈ ಕೊಡು!" ಎಂದೆ. ಧ್ವನಿ ಕೀಚಲಾಗಿ ಬಂತು.

"ನನ್ನ ಕೈ ಬೇಕಾದರೆ ತಗೋ. ಬೀಗದ ಕೈ ಸಿಗದು."

ಆಡುಗಳನ್ನೆಲ್ಲ ಅಂದು ದೂರ ಕಟ್ಟಿಹಾಕಿದ್ದರು. ಇಂಥ ಸಾವು ಮಾಮನಿಗೆ ಹಿಂದೆಂದೂ ಕೂಡಿ ಬಂದಿರಲಿಲ್ಲ. ನಾನು ಸೊಂಟಕ್ಕೆ ಕೈ ಹಾಕಿದೆ. ಅಂಗೈಗೆ ಕೆಂಪು ಬಟ್ಟೆಯ ಹಿಡಿ ಬಂತು. ಕಣ್ಣೆದುರಿಗೆ ಮಾಮನ ಪಾದ. ಆಮೇಲೆ ನನಗೆ ಗೊತ್ತಾದದ್ದು ಮೂಗಿಗೆ ಬಡಿದ ಕಲ್ಲಿನ ವಾಸನೆ ಮಾತ್ರ.

ಗೋಡೆಯ ಮೇಲಿಂದ ಯಾರೋ ಕೂಗಿದರು: "ಇನ್ನೊಂದ್ ಹೆಣ್ಣಿದ್ರೆ ಕೊಟ್ಬಿಡುಂಗ, ಹುಡ್ಗ ಪಾವಂ, ಕಾಲಿಗೇ ಬಿದ್ಬಿಟ್ಟ!"

ಇಡೀ ಕೋಟೆ ನಕ್ಕಿತು. ನಾನು ಏಳಲಿಲ್ಲ. ನೀರು ಬರುವವರೆಗೆ ಅಲ್ಲೇ ಮಲಗಿರುವುದು ಉತ್ತಮ ಎನಿಸಿತು. ಮಾಮ ಒದೆಯುತ್ತಾರೆ ಎಂದು ಬೆನ್ನು ಗಟ್ಟಿ ಮಾಡಿಕೊಂಡೆ.

ಒದೆ ಬೀಳಲಿಲ್ಲ. ತಲೆಯ ಮೇಲೆ ಒಂದು ಕೈ ಬಂದು ಕೂತಿತು, ಹಬ್ಬದಲ್ಲಿ ಕೂರುವ ಹಾಗೆಯೇ. ನಗು ನಿಲ್ಲುವವರೆಗೂ ಆ ಕೈ ಅಲುಗಲಿಲ್ಲ. ಆಮೇಲೆ ಮಾಮನ ಮಾತು ಕೇಳಿತು. ಕೂಗಲಿಲ್ಲ, ಮನೆಯಲ್ಲಿ ಮಾತಾಡುವ ಹಾಗೆ ಹೇಳಿದರು:

"ಕತ್ತಿ ಎತ್ತೋಕ್ ಮುಂಚೆ ದೊಡ್ಡೋರ ಕಾಲು ಮುಟ್ಬೇಕು ಅಂತ ನಿಂಗೆ ಯಾರೋ ಕಲಿಸವ್ರೆ, ನನ್ ಕಣ್ಣು. ಹೋಗಿ ಅವರನ್ನೇ ಕೇಳ್ಕೊಂಡ್ ಬಾ. ಈ ಬಾಗಿಲು ಮುರೀಬಹುದು ಅಂತ ಅವರು ಅಂದ್ರೆ ನಾನೇ ಬೀಗದ ಕೈ ಕೊಡ್ತೀನಿ."

ಇದು ಯಾವ ಅಜ್ಜ ಹೇಳಿದ ಕಥೆಯಲ್ಲೂ ಇರಲಿಲ್ಲ. ನಾನು ಎದ್ದೆ. ಹಿಂದೆ ಸರಿದೆ. ನನ್ನ ಸೈನ್ಯಕ್ಕೆ ಗೆಲ್ಲುವುದನ್ನು ಮಾತ್ರ ಕಲಿಸಿದ್ದರು, ಹಿಂದೆ ಸರಿಯುವುದು ಗೊತ್ತಿರಲಿಲ್ಲ. ಕುದುರೆಯ ಮುಂಭಾಗ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ ಹೋದವು. ಆದರೂ ಯಾರೂ ನಗಲಿಲ್ಲ, ಏಕೆಂದರೆ ಎಲ್ಲರೂ ಮಾಮನನ್ನೇ ನೋಡುತ್ತಿದ್ದರು. ಆ ಕಲ್ಲಿನ ಚೌಕಟ್ಟಿಗೆ ಬಾಗಿಲು ಇಲ್ಲದೆ ಎಷ್ಟು ತಲೆಮಾರಾಗಿತ್ತೋ. ಮಾಮ ಎರಡೂ ಕೈ ಚಾಚಿ, ಇಲ್ಲದ ಆ ಬಾಗಿಲುಗಳನ್ನು ಒಂದೊಂದಾಗಿ ಎಳೆದರು. ಭಾರಕ್ಕೆ ಅವರ ಹೆಗಲು ನಡುಗಿತು. ಅಗುಳಿ ಹಾಕಿದರು. ಅದು ಬಿದ್ದ ಸದ್ದು ನನಗೆ ಕೇಳಿಸಿತು. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

ನಟನೆ ಎಂದರೆ ಏನೆಂದು ನನಗೆ ತಿಳಿಯದು. ಆದರೆ ತಾನು ವರ್ಷಗಟ್ಟಲೆ ಕಾದಿದ್ದ ಸಾವನ್ನು ಒಬ್ಬ ಪೆದ್ದನ ಮಾನಕ್ಕಾಗಿ ಅಷ್ಟು ಸಲೀಸಾಗಿ ಬಿಟ್ಟುಕೊಟ್ಟ ಮನುಷ್ಯನನ್ನು ನಾನು ಅವರೊಬ್ಬರಲ್ಲೇ ಕಂಡದ್ದು.

ಊರಿಗೆ ವಾಪಸ್ಸು ಬರುವಾಗ ನಾನು ಕಡೆಯ ಗಾಡಿಯಲ್ಲಿ ಕುದುರೆಯ ಚರ್ಮ ಹೊದ್ದು ಅವಿತು ಕೂತಿದ್ದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ತಪ್ಪು ಒಪ್ಪಿಕೊಳ್ಳಲು ಮಾಮನ ಮನೆಗೆ ಹೋದೆ. ಬಾಗಿಲಲ್ಲೇ ಅತ್ತೆ ತಡೆದರು.

"ಮಾಮ ಎಲ್ಲಿ, ಅತ್ತೆ? ಕೋಪದಲ್ಲಿ ಅವ್ರಾ?"

"ಉಣ್ತಾ ಅವ್ರೆ. ಮೆಲ್ಲಗೆ ಮಾತಾಡು." ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. "ಪ್ರತಿ ವರ್ಷ ಸತ್ತು ಬಂದ್ರೆ ತಲೆಗೆ ನೀರು ಹಾಕ್ಕೊಂಡು, ಗೋಡೆ ಕಡೆ ಮೊಗ ಮಾಡ್ಕೊಂಡು ಮಲ್ಗೋರು. ಕೋಟೆ ಕಳ್ಕೊಂಡು ಬಂದೋನಿಗೆ ಅನ್ನ ಏನಕ್ಕೆ ಅನ್ನೋರು. ಇವತ್ತು ವೇಷ ಕೂಡ ಬಿಚ್ಚಿಲ್ಲ, ಎಲೆ ಹಾಕು ಅಂದ್ರು. ಮೀಸೆ ಸಾರೊಳಗೆ ಬಿತ್ತು. ಎತ್ತಿ ಪಕ್ಕಕ್ಕಿಟ್ಟು ಇನ್ನೂ ಅನ್ನ ಹಾಕಿಸ್ಕೊತಾ ಅವ್ರೆ. ನಾನೂ ಅತ್ಲಾಗೆ ತಿರುಗ್ಕೊಳ್ಳದೆ ಕಡೇವರೆಗೂ ನೋಡ್ದೆ, ಗೊತ್ತಾ? ಈಗ ಒಳಕ್ ಹೋಗ್ಬೇಡ, ನಿನ್ನ ಕಂಡ್ರೆ ಒದೀತಾರೆ. ನಾಳೆ ಊಟಕ್ಕೆ ಬಾ."