ಮೊದಲು ಕ್ರಿಯಾಪದ, ಆಮೇಲೆ ಗೌಡರು

ಕಳೆದ ವಾರ ನಮ್ಮ ಎಸ್ಟೇಟಿನ ಯಜಮಾನರ ಎದುರು ನಾನು ಅರಬ್ಬಿ ಕ್ರಮದಲ್ಲಿ ಕನ್ನಡ ಮಾತಾಡಿದೆ. ತೋಟದ ಲೆಕ್ಕ ಬರೆಯುವ ನನ್ನ ರೈಟರ್ ಕೆಲಸ ಉಳಿದಿದೆಯೋ ಇಲ್ಲವೋ, ಇದು ಅಚ್ಚಾಗುವ ಹೊತ್ತಿಗೆ ಗೊತ್ತಾಗಬಹುದು.

ಮೂಡಿಗೆರೆ ಸಂತೆಯ ದಿನ ಮಸೀದಿಯ ಮೌಲ್ವಿಗಳು ನನಗೆ ಅರಬ್ಬಿ ಹೇಳಿಕೊಡುತ್ತಾರೆ, ನಾನು ಅವರಿಗೆ ಇಂಗ್ಲಿಷ್. (ಇದರಿಂದ ಯಾರಿಗೆ ಏನು ಉಪಯೋಗ ಎಂದು ನನ್ನ ಹೆಂಡತಿ ಕೇಳಿದ್ದಾಳೆ. ಉತ್ತರ ಹುಡುಕುತ್ತಿದ್ದೇನೆ.) ಕಳೆದ ವಾರದ ಪಾಠ, 'ಶರಿಬ ಝೈದುನ್ ಕಹ್ವತನ್'. ಅಂದರೆ, ಕುಡಿದ ಜೈದ ಕಾಫಿಯನ್ನು. ಮೊದಲು ಕ್ರಿಯಾಪದ, ಆಮೇಲೆ ಮಾಡಿದವನು, ಕೊನೆಗೆ ಕರ್ಮಪದ. ಕುಡಿದವರು ಊರು ತುಂಬ ಜನ ಇದ್ದರೂ ಮೊದಲು ಬರುವ ಕ್ರಿಯಾಪದ ಏಕವಚನದಲ್ಲೇ ಇರುತ್ತದಂತೆ.

"ಹಿಂದೆ ಯಾರು ಬರ್ತಾರೆ ಅಂತ ಅದು ತಿರುಗಿ ನೋಡಲ್ಲ," ಎಂದರು ಮೌಲ್ವಿಗಳು.

ನಮ್ಮ ಕನ್ನಡದ ಕ್ರಿಯಾಪದ ಹಾಗಲ್ಲ. ಎಲ್ಲರೂ ಕೂತಾದ ಮೇಲೆ, ಯಾರು ದೊಡ್ಡವರೆಂದು ನೋಡಿಕೊಂಡು, ಕೊನೆಯಲ್ಲಿ ಬಂದು ಕೈ ಮುಗಿಯುತ್ತದೆ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಮಂಜಯ್ಯ ಆಳುಗಳ ಮನೆಗಳಿರುವ ಲೈನಿನಿಂದ ಓಡಿಬಂದ. ಹೆಂಡತಿಗೆ ಹೆರಿಗೆ ನೋವು. ಮಗು ಅಡ್ಡ ತಿರುಗಿದೆ, ನನ್ನ ಕೈಲಾಗದು ಎಂದಿದ್ದಾಳೆ ಸೂಲಗಿತ್ತಿ. ಆಸ್ಪತ್ರೆಗೆ ಸಾಗಿಸಲು ಯಜಮಾನರಾದ ಗೌಡರ ಮೋಟಾರು ಬೇಕು. ಇಬ್ಬರೂ ಬಂಗಲೆಗೆ ಓಡಿದೆವು.

ಗೌಡರು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಮಂಜಯ್ಯ ಕೈ ಕಟ್ಟಿ ನಿಂತ.

"ಹೂಮಳೆ ಚೆನ್ನಾಗಿ ಬಂತು ಗೌಡ್ರೇ."

"ಬಂತು ಮಾರಾಯ. ಕೆಳಗಿನ ತೋಟಕ್ಕೆ ಸಾಲ್ಲಿಲ್ಲ."

"ಅಮ್ಮಾವ್ರ ಮಂಡಿನೋವು ಹೆಂಗದೆ?"

ನಮ್ಮಲ್ಲಿ ಕ್ರಮ ಇದೇ. ಮೊದಲು ಮಳೆ, ಆಮೇಲೆ ಮನೆಯವರ ಆರೋಗ್ಯ, ಬಂದ ಕೆಲಸ ಕೊನೆಗೆ. ಗೌಡರು ಮಂಡಿಗೆ ಹಚ್ಚುವ ಎಣ್ಣೆಯ ವಿಷಯ ಎತ್ತಿದರು. ಮಂಜಯ್ಯ ತಲೆಯಾಡಿಸುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಕಳಿಸಿ ಗೌಡ್ರೇ ಮೋಟಾರು," ಎಂದೆ.

ಗೌಡರು ಲೋಟ ಕೆಳಗಿಟ್ಟು ನನ್ನನ್ನು ನೋಡಿದರು. ಇಷ್ಟು ವರ್ಷದಲ್ಲಿ ಹಾಗೆ ನೋಡಿದ್ದಿಲ್ಲ. ವಿಷಯ ಹೇಳಿದೆ. ಕೂಡಲೇ ಡ್ರೈವರನ್ನು ಕೂಗಿದರು. (ಗೌಡರು ಕೆಟ್ಟವರಲ್ಲ. ಬಂದ ಕೂಡಲೇ ಕೇಳಿದ್ದರೆ ಆಗಲೇ ಕಳಿಸುತ್ತಿದ್ದರು.)

ತಾಯಿ, ಮಗು ಇಬ್ಬರೂ ಉಳಿದರು. ಆಸ್ಪತ್ರೆಯಿಂದ ಬಂದ ಮಂಜಯ್ಯ ಮಾಡಿದ ಮೊದಲ ಕೆಲಸವೇನು ಗೊತ್ತೆ? ಬಾಳೆಗೊನೆ ಹೊತ್ತುಕೊಂಡು ಹೋಗಿ, ನನ್ನ ಪರವಾಗಿ ಗೌಡರ ಕ್ಷಮೆ ಕೇಳಿದ್ದು.

"ಹಂಗೆಲ್ಲ ದಡಕ್ಕನೆ ಕೇಳ್ಬಾರ್ದು ರೈಟ್ರೇ," ಎಂದ ನನಗೆ.

"ನಾನು ಬಾಯಿ ಬಿಡದಿದ್ರೆ ಏನ್ಮಾಡ್ತಿದ್ದೆ?"

"ಗೌಡ್ರು ಕಾಫಿ ಮುಗ್ಸೋ ತನಕ ಕಾಯ್ತಿದ್ದೆ."

ನನಗೆ ಸಿಟ್ಟು ಬಂತು. ಕಾಯುತ್ತಿದ್ದವನು ಅವನೇ ಸರಿ, ಆದರೆ ಅಷ್ಟು ಹೊತ್ತೂ ನೋವು ತಿನ್ನುತ್ತಿದ್ದವಳು ಯಾರು?