ಭುಜಕ್ಕೆ ಕೋವಿ ಹೊಂದಿಸುವ ಗುನ್ವೋರ್

ಬೆಳಗಿನ ಐದೂವರೆ. ಎಲ್ಕ್ ಎಂಬ ದೊಡ್ಡ ಕಾಡುಜಿಂಕೆಯ ಬೇಟೆ ಶುರುವಾಗಲು ಇನ್ನು ನಾಲ್ಕೇ ದಿನ. ಗುನ್ವೋರ್ ಕೋವಿಯ ಗುಂಡು ತುಂಬುವ ಬೋಲ್ಟ್ ಕಳಚಿ, ಒಳಗೆ ಗುಂಡಿಲ್ಲವೆಂದು ಎರಡು ಸಲ ನೋಡಿ, ತೋರ್ಗ್ನಿಯ ಕೈಗೆ ಕೊಡುತ್ತಾರೆ.

"ಕಣ್ಣು ಮುಚ್ಚು. ಭುಜಕ್ಕಿಡು. ಈಗ ಕಣ್ಣು ಬಿಡು. ಕೋವಿ ಮೇಲಿನ ದುರ್ಬೀನಲ್ಲಿ ಏನ್ ಕಾಣ್ತದೆ?"

"ಬರೀ ಕತ್ತಲೆ."

ಗುನ್ವೋರ್‌ಗೆ ಗರಬಡಿದಂತಾಗುತ್ತದೆ. ಮೈಗೆ ಹೊಂದುವ ಕೋವಿಯಾದರೆ ಕಣ್ಣು ಬಿಟ್ಟ ಕೂಡಲೇ ದುಂಡಗಿನ ನೋಟ ಕಾಣಬೇಕು. ತೋರ್ಗ್ನಿ ಹದಿನೇಳು ವರ್ಷದಿಂದ ಊರಿನ ಬೇಟೆ ತಂಡದ ಮುಂದಾಳು. ಕಳೆದ ವರ್ಷ ಅವರ ಗುಂಡು ಎಲ್ಕ್ ಕರುವೊಂದರ ಹೊಟ್ಟೆಗೆ ತಾಗಿತು. ಗಾಯಗೊಂಡು ಓಡಿದ ಅದರ ಜಾಡು ಹಿಡಿದು ನಾಯಿ ಒಂದೂವರೆ ದಿನ ಅಲೆಯಿತು. ಶನಿವಾರದ ಗುರಿ ಪರೀಕ್ಷೆಯಲ್ಲಿ ಸೋತರೆ ಈ ಸಲ ಕಾಫಿ ಕಾಯಿಸುವ ಕೆಲಸವೇ ಗತಿಯೆಂದು ತಂಡ ಹೇಳಿಬಿಟ್ಟಿದೆ.

ಮೊದಲು ಬಾಗಿಲು, ಕಪಾಟು ಮಾಡುತ್ತಿದ್ದ ಬಡಗಿ ಹೆಂಗಸು ಗುನ್ವೋರ್‌ಗೆ ಈಗ ಅರವತ್ಮೂರು. ಯೆಮ್ಟ್‌ಲಂಡ್ ಎಂಬ ಕಾಡು ಪ್ರಾಂತ್ಯದ ಈ ಊರಲ್ಲಿ ಮೂವತ್ತೊಂದು ವರ್ಷದಿಂದ ಕೋವಿಯ ಮರದ ಹಿಡಿಯನ್ನು ಮೈಯಳತೆಗೆ ಹೊಂದಿಸುತ್ತಿದ್ದಾರೆ. ಈ ವಾರ ದಿನಕ್ಕೆ ಎಂಟು ಕೋವಿ. ಬೇಟೆಗೆ ತೊಡುವ ದಪ್ಪ ಕೋಟಿಲ್ಲದೆ ಬಂದವರನ್ನು ಮುಲಾಜಿಲ್ಲದೆ ಮನೆಗೆ ಅಟ್ಟುತ್ತಾರೆ; ಕೋಟಿನ ದಪ್ಪಕ್ಕೆ ಅಳತೆಯೇ ಬದಲಾಗುತ್ತದೆ. "ಬೂಟು ಕೊಳ್ಳುವಾಗ ಕಾಲಿಗೆ ಹಾಕಿ ನೋಡ್ತಾರೆ. ಕೋವಿ ಕೊಳ್ಳುವಾಗ ಮಾತ್ರ ಅಂದ ನೋಡ್ತಾರೆ!"

ತಪ್ಪು ದುರ್ಬೀನಿನದೆಂದು ತೋರ್ಗ್ನಿ ಅದನ್ನೇ ಎರಡು ಸಲ ಬದಲಿಸಿದ್ದಾರೆ. ಅವರ ಹುಬ್ಬಿನ ಮೇಲೆ ಅರ್ಧ ಚಂದ್ರಾಕಾರದ ಗಾಯವಿದೆ. ಕೊಂಬೆ ತಾಗಿತೆಂದು ಊರಿಗೆಲ್ಲ ಹೇಳಿದ್ದು ಸುಳ್ಳು. ಕೋವಿ ಗಿಡ್ಡ, ಗುಂಡು ಹಾರಿದಾಗಲೆಲ್ಲ ದುರ್ಬೀನು ಹಿಮ್ಮೆಟ್ಟಿ ಹುಬ್ಬಿಗೆ ಬಡಿಯುತ್ತದೆ. ಆ ಏಟಿಗೆ ಹೆದರಿ ತಲೆ ಹಿಂದಕ್ಕೆ ಸರಿಯುತ್ತದೆ.

ಗುನ್ವೋರ್ ಕೋವಿಯ ಹಿಂಬದಿಯಲ್ಲಿ ಭುಜಕ್ಕೆ ಆನುವ ರಬ್ಬರ್ ಬಿಚ್ಚುತ್ತಾರೆ. ಮರದ ಮೇಲೆ ತಮ್ಮದೇ ಪೆನ್ಸಿಲ್ ಬರಹ: ಮೈ-ಬ್ರಿಟ್, 2006. ತೋರ್ಗ್ನಿಯ ಹೆಂಡತಿ. ತೀರಿಹೋಗಿ ಎರಡು ವರ್ಷ.

"ಅಯ್ಯೋ! ಇದು ಅವಳಿಗೆ ನಾನೇ ಮಾಡಿಕೊಟ್ಟಿದ್ದಲ್ವೇನೋ?"

"ಕಪಾಟಲ್ಲಿ ಸುಮ್ನೆ ನಿಂತಿತ್ತು. ನೋಡಕ್ಕಾಗ್ಲಿಲ್ಲ, ತಗೊಂಡೆ."

"ಅವಳು ನಿನ್ನ ಎದೆಯೆತ್ತರ ಇದ್ಲು, ಮಾರಾಯ! ಅವಳ ಅಂಗಿ ಹಾಕ್ಕೊಂಡು ಕಾಡಿಗೆ ಹೋಗ್ತಿದ್ಯಾ? ಆ ಕರುಗೆ ಏನಂತ ಹೇಳ್ತೀಯ, ಹೆಂಡತಿ ನೆನಪಾಯ್ತು ಅಂತಾನಾ?"

ತೋರ್ಗ್ನಿಯ ಮುಖ ಬಿಳಿಚಿಕೊಳ್ಳುತ್ತದೆ. ಕರುವಿಗೂ ತಮ್ಮ ದುಃಖಕ್ಕೂ ನಂಟಿದೆಯೆಂದು ಅವರಿಗೆ ಹೊಳೆದೇ ಇರಲಿಲ್ಲ. ಪೆನ್ಸಿಲ್ ಬರಹದ ಮೇಲೆ ಬೆರಳಿಟ್ಟು ಗೊಣಗುತ್ತಾರೆ: "ಮರ ಮಾತ್ರ ಕಡೀಬೇಡ."

"ಗಿಡ್ಡ ಇರೋದನ್ನ ಯಾರಾದ್ರೂ ಕಡೀತಾರಾ? ಸೇರಿಸ್ಬೇಕು."

ಹಿಂಬದಿಗೆ ಮೂರು ತೆಳು ಹಲಗೆ, ಕೆನ್ನೆ ಆನುವಲ್ಲಿ ತೊಗಲಿನ ಮೆತ್ತೆ. ದುರ್ಬೀನು ಒಂದು ಬೆರಳು ಮುಂದಕ್ಕೆ. ಕೋಟು ತೊಟ್ಟು ತೋರ್ಗ್ನಿ ಮತ್ತೆ ಕಣ್ಣು ಮುಚ್ಚಿ, ಬಿಡುತ್ತಾರೆ.

"ಕಾಣ್ತಿದೆ, ಮಾರಾಯ್ತಿ. ಪೂರ್ತಿ ದುಂಡಗೆ."

ಶನಿವಾರ ಗುರಿ ಹಲಗೆಯಲ್ಲಿ ಅವರ ಐದು ಗುಂಡುಗಳ ತೂತುಗಳನ್ನು ಒಂದು ಅಂಗೈಯಿಂದ ಮುಚ್ಚಬಹುದು. ಬೇಟೆಯಲ್ಲಿ ಅವರ ಜಾಗ ಉಳಿಯುತ್ತದೆ. ನೆರೆದವರು ಗುನ್ವೋರ್ ಬೆನ್ನು ತಟ್ಟಿದರೆ ಅವರಿಗೆ ನಗು ಬರುವುದಿಲ್ಲ. ತೋರ್ಗ್ನಿ ಹಿಡಿದಿದ್ದು ಹೆಂಡತಿಯ ಕೋವಿಯೆಂದು ಎರಡು ವರ್ಷ ತಮಗೂ ತಿಳಿಯಲಿಲ್ಲವಲ್ಲ ಎಂಬ ಆಘಾತ ಇನ್ನೂ ಇಳಿದಿಲ್ಲ.

"ನನ್ನ ಕೈ ತಾಗಿದ ಕೋವಿ ಗುರಿ ತಪ್ಪಿದ್ರೆ ಪೂರ್ತಿ ತಪ್ಪಲಿ," ಎನ್ನುತ್ತಾರೆ. "ತಾಗಿದ್ರೆ ಒಂದೇ ಏಟಿಗೆ ಮುಗೀಲಿ. ಪ್ರಾಣಿ ನರಳೋದು ಮಾತ್ರ ಬೇಡ."